ಹತ್ತುವ ಮೀನು, ಕಾಯುವ ಮೀನು

ಆಗೆಲ್ಲ ಹಳೇಬೀಡಿನ ಕೆರೆಗೆ ಹೊಸ ನೀರು ಬಂತೆಂದರೆ ಊರಿಗೆ ಮೊದಲು ಮೂಗಿನಿಂದಲೇ ಗೊತ್ತಾಗುತ್ತಿತ್ತು. ಕೆಸರು, ಕೊಳೆತ ಜೊಂಡು, ನೆನೆದ ಸಗಣಿ ಎಲ್ಲ ಬೆರೆತ ವಾಸನೆ. ಕೆರೆಯ ಗೆಂಡೆ ಮೀನುಗಳು ಹರಿದು ಬರುವ ಹಳ್ಳಕ್ಕೆ ಎದುರಾಗಿ ಹತ್ತಿ, ಮೇಲಿನ ಗದ್ದೆಗಳಲ್ಲಿ ಮೊಟ್ಟೆಯಿಡಲು ಹೊರಡುತ್ತಿದ್ದವು. ಹತ್ತು ವರ್ಷದ ನಾನು ಲಂಗ ಎತ್ತಿ ಕಟ್ಟಿಕೊಂಡು ನೋಡಲು ಓಡುತ್ತಿದ್ದೆ. ಮೀನು ಮುಟ್ಟದ ಮನೆಯ ಹುಡುಗಿಗೆ ಹಳ್ಳದಲ್ಲೇನು ಕೆಲಸ ಎಂದು ಅಜ್ಜಿ ಬೈದರೆ ಬೈಯಲಿ!

ಅಲ್ಲಿ ಕಾಳಮ್ಮ ಇರುತ್ತಿದ್ದಳು, ನಮ್ಮ ಮನೆಗೆ ಸೊಪ್ಪು ತರುವವಳು. ಕಲ್ಲುಗಳ ಸಂದಿಗೆ ಬಿದಿರಿನ ಕೂಳಿ ಒಡ್ಡಿ ಮೀನು ಹಿಡಿಯುತ್ತಿದ್ದಳು. ಹತ್ತುವ ಮೀನನ್ನು ಬುಟ್ಟಿಗೆ ಹಾಕಿಕೊಂಡು, ಮೊಟ್ಟೆಯಿಟ್ಟು ಇಳಿದು ಬಂದದ್ದನ್ನು ನೀರಿಗೇ ಬಿಡುತ್ತಿದ್ದಳು.

"ಯಾಕೆ ಬಿಟ್ಟೆ ಕಾಳಮ್ಮ?"

"ನೋಡವ್ವ, ಹೆಂಗೆ ಸೊರಗೈತೆ. ಮೈಯಾಗಿದ್ದ ಕೊಬ್ಬೆಲ್ಲ ಅರ್ಧ ಮೊಟ್ಟೆಗೋಯ್ತು, ಅರ್ಧ ನೀರಿಗೆದುರು ಈಜಕ್ಕೋಯ್ತು. ಇದ್ರಾಗೆ ತಿನ್ನಕ್ಕೇನೈತೆ, ಬರೀ ಮುಳ್ಳು."

ಆ ವರ್ಷ ನಮ್ಮ ಅಕ್ಕ ಚೊಚ್ಚಲ ಹೆರಿಗೆಗೆ ಜಾವಗಲ್ಲಿನಿಂದ ಬಂದು ಗಂಡು ಹೆತ್ತಿದ್ದಳು. ಇಡೀ ಮನೆ ಅವಳ ಸುತ್ತ. ಬಿಸಿನೀರು, ಸಾಂಬ್ರಾಣಿ ಹೊಗೆ, ಡಬ್ಬಿಯ ತುಂಬ ಅಂಟಿನುಂಡೆ. ಕೊಬ್ಬರಿ ತುರಿದು, ಅಂಟು ಹುರಿದು, ಉಂಡೆ ಕಟ್ಟಿದವಳು ಅಮ್ಮ. ಅಮ್ಮನಿಗೂ ಆಗ ಆರು ತಿಂಗಳು! ತಾಯಿ ಮಗಳು ಒಂದೇ ವರ್ಷ ಬಸುರಾಗುವುದು ಆ ಕಾಲದಲ್ಲಿ ಹೊಸದೇನಲ್ಲ. ಆದರೂ ಅಮ್ಮನಿಗೆ ನಾಚಿಕೆ, ಸೆರಗನ್ನು ಹೊಟ್ಟೆಯ ಮೇಲೆ ಎಳೆದೆಳೆದು ಮುಚ್ಚಿಕೊಳ್ಳುತ್ತಿದ್ದಳು. ಅವಳ ತವರಿನಲ್ಲಿ ಯಾರೂ ಉಳಿದಿರಲಿಲ್ಲ. ನಮ್ಮ ಐದೂ ಮಕ್ಕಳನ್ನು ಈ ಮನೆಯಲ್ಲೇ ಹೆತ್ತು ಆ ಅಡುಗೆಮನೆಯಲ್ಲೇ ಇದ್ದವಳು.

ಒಂದು ದಿನ ನಾನು ಕಾಳಮ್ಮನನ್ನು ಕೇಳಿದೆ, "ಕೆರೆ ಬಿಟ್ಟು ಹೋಗದ ಮೀನಿಗೆ ಸುಖ ಅಲ್ವಾ?"

ಅವಳು ದಡದ ಜೊಂಡಿನತ್ತ ಬೆರಳು ತೋರಿಸಿದಳು. ಕೆಂಪು ಕೆಂಪು ಮರಿಗಳು ಮುತ್ತಿಕೊಂಡು ಆಡುತ್ತಿದ್ದವು. ಕೆಳಗೆ ಒಂದು ಕುಚ್ಚು ಮೀನು ಅಲುಗದೆ ನಿಂತಿತ್ತು.

"ಯಾರೇಳಿದ್ರು ಸುಖ ಅಂತ? ಇದು ಹಳ್ಳ ಹತ್ತಕಿಲ್ಲ, ದಿಟ. ಮರಿ ಕಾಯ್ಕೊಂಡು ಹೊಟ್ಟೆಗೂ ಸರಿಯಾಗಿ ತಿನ್ನಕಿಲ್ಲ. ನಿಂತಲ್ಲೇ ಸವೀತದೆ. ಯಾರ ಕಣ್ಗೂ ಬೀಳಕಿಲ್ಲ, ಅಷ್ಟೆಯ." ಆಮೇಲೆ ದನಿ ತಗ್ಗಿಸಿ, "ನಿಮ್ಮವ್ವನ ಕೈ ನೋಡಿದ್ಯಾ? ಬಳೆ ಮೊಣಕೈಗಂಟ ಜಾರ್ತವೆ" ಎಂದಳು.

ಅವತ್ತು ಮಧ್ಯಾಹ್ನ ನೋಡಿದೆ. ಎಲ್ಲರ ಊಟವಾದ ಮೇಲೆ ಅಮ್ಮ ಪಾತ್ರೆಯ ತಳದ ಹುಳಿಗೆ ತಣ್ಣನೆ ಅನ್ನ ಕಲಸಿಕೊಂಡು ನಾಲ್ಕು ತುತ್ತು ತಿಂದು ಎದ್ದಳು. ಬಳೆಗಳು ನಿಜವಾಗಿಯೂ ಮೊಣಕೈಗೆ ಜಾರಿದವು. ಅಮ್ಮ ಸತ್ತೇ ಹೋಗುತ್ತಾಳೆ ಅನ್ನಿಸಿ ನನಗೆ ವಿಪರೀತ ಭಯವಾಯಿತು. ಹೋಗಿ ಡಬ್ಬಿಗೆ ಕೈ ಹಾಕಿದೆ.

"ಬಾಣಂತಿ ಉಂಡೆ ಕದೀತೀಯೇನೇ, ಹೊಟ್ಟೆಬಾಕಿ!" ಅಜ್ಜಿ ರಟ್ಟೆ ಹಿಡಿದಳು.

"ನನಗಲ್ಲ ಅಜ್ಜಿ, ಅಮ್ಮನಿಗೆ."

"ಅವಳಿಗ್ಯಾಕೆ? ಅವಳೇನು ಹೆರಕ್ಕೆ ತವರಿಗೆ ಬಂದಿದಾಳಾ? ಮನೇಲೇ ಇರೋಳು!"

"ಇದ್ದಲ್ಲೇ ಇರೋರೂ ಸವೀತಾರೆ ಅಜ್ಜಿ!" ಎಂದು ಅಳುತ್ತಲೇ ಕುಚ್ಚು ಮೀನಿನ ಕಥೆ ಹೇಳಿದೆ. "ಥೂ, ಮಡೀಲಿದ್ದಾಗ ಮೀನಿನ ಪುರಾಣ!" ಎಂದು ಅಜ್ಜಿ ನಡೆದುಬಿಟ್ಟಳು. ಆದರೆ ಉಂಡೆ ಕಿತ್ತುಕೊಳ್ಳಲಿಲ್ಲ.

ಅಮ್ಮ ಮುಖ ಕೆಂಪಗೆ ಮಾಡಿಕೊಂಡು ನನ್ನನ್ನು ಹಿತ್ತಿಲಿಗೆ ಎಳೆದೊಯ್ದಳು. ಹೊಡೆಯುತ್ತಾಳೆಂದುಕೊಂಡೆ. ಅವಳು ಉಂಡೆ ಮುರಿದು, ಗೋಡೆಗೆ ಮುಖ ಮಾಡಿ ಅರ್ಧವನ್ನು ಗಬಗಬ ತಿಂದಳು. ಅಷ್ಟು ಹಸಿದಿದ್ದಳು! ಉಳಿದರ್ಧ ನನ್ನ ಬಾಯಿಗಿಟ್ಟು, "ಓಡಾಡಿ ಸೊರಗಿದೀಯ, ತಿನ್ನು" ಎಂದಳು.

ತಂಗಿ ಹುಟ್ಟಿದಳು, ಅಂಗೈಯಷ್ಟು ಕೂಸು. ಹೇಗೋ ಉಳಿದಳು. ಅಮ್ಮನ ಮೈ ಮಾತ್ರ ಮತ್ತೆ ತುಂಬಿಕೊಳ್ಳಲಿಲ್ಲ.

ಈಗ ಆ ಹಳ್ಳದ ಬಾಯಿ ಹೂಳು ತುಂಬಿ ಮುಚ್ಚಿದೆ, ಗೆಂಡೆ ಹತ್ತುವುದಿಲ್ಲ. ಕಾಳಮ್ಮನೂ ಇಲ್ಲ, ಅಮ್ಮನೂ ಇಲ್ಲ. ಅಂಟಿನುಂಡೆ ಬೇಕೆಂದಾಗ ಅಂಗಡಿಯಲ್ಲಿ ಸಿಗುತ್ತದೆ. ಆವತ್ತು ಆ ಅರ್ಧವನ್ನು ಬೇಡ ಅನ್ನಬೇಕಿತ್ತು. ತುಪ್ಪದ ಘಮ, ಬೆಲ್ಲದ ಸಿಹಿ, ನಾನು ತಿಂದುಬಿಟ್ಟೆ.