ದೊಡ್ಡಮುನಿಯಮ್ಮನ ಗೇಟಿನ ಇಂಗ್ಲಿಷು

ದೊಡ್ಡನೆಕ್ಕುಂದಿಯ ಹಳೇ ಊರೊಳಗೆ ದೊಡ್ಡಮುನಿಯಮ್ಮನದು ಮೂರಂತಸ್ತಿನ ಮನೆ. ಕೆಳಗೆ ಸಂಸಾರ, ಮೇಲೆ ಆರು ಬಾಡಿಗೆ ರೂಮು. ರೂಮಿನವರಿಗೆ ಕನ್ನಡ ಬಾರದು, ಅರವತ್ತಮೂರರ ಈಕೆಗೆ ಇಂಗ್ಲಿಷ್ ಬಾರದು. ನಡುವೆ ಮಗ ಕೆಂಪರಾಜ್ ಮಾತಾಡುತ್ತಿದ್ದ. ತಾಯಿ ಮೆತ್ತಗೆ ಹೇಳಿದ್ದೆಲ್ಲ ಅವನ ಬಾಯಲ್ಲಿ ಗದರಿಕೆಯಾಗಿ ಮೆಟ್ಟಿಲೇರುತ್ತಿತ್ತು.

"ನನ್ನ ಮಾತು ನಾನೇ ಆಡ್ಕೋತೀನಿ ಬಿಡಪ್ಪ" ಎಂದು ಒಂದು ದಿನ ಆಕೆ ಪಿಯುಸಿ ಓದುವ ಮೊಮ್ಮಗಳು ಹಂಸಳ ಮುಂದೆ ನೋಟ್‌ಬುಕ್ ಹಿಡಿದು ಕೂತಳು.

"ಮಸ್ಟ್ ಅಂದ್ರೆ ಮಾಡ್ಲೇಬೇಕು ಅಜ್ಜಿ. ಮೇ, ಮೈಟ್ ಅಂದ್ರೆ ಮಾಡಿದ್ರೂ ಮಾಡ್ಬಹುದು, ಬಿಟ್ರೂ ಬಿಡ್ಬಹುದು" ಎಂದಳು ಹಂಸ.

ಬೆಳಗಾಗುವುದರೊಳಗೆ ಮೂರೂ ಕಲಸಿಹೋಗಿದ್ದವು. ಅವುಗಳಲ್ಲಿ ಮೈಟ್ ಎಂಬುದೇ ಆಕೆಯ ಕಿವಿಗೆ ಪೊಲೀಸಿನವರ ಮಾತಿನಂತೆ ಗಟ್ಟಿಯಾಗಿ ಕೇಳಿಸಿತು. ಸ್ಲೇಟಿನ ಮೇಲೆ 'ಯೂ ಮೈಟ್ ಕ್ಲೋಸ್ ದ ಗೇಟ್' ಎಂದು ನೋಟ್‌ಬುಕ್ ನೋಡಿಕೊಂಡು ಇಂಗ್ಲಿಷಿನ ದಪ್ಪಕ್ಷರದಲ್ಲಿ ಬರೆದು ಗೇಟಿಗೆ ನೇತುಹಾಕಿದಳು.

ಸಂಜೆ ನೋಡಿದರೆ ಗೇಟು ಹಾರುಹೊಡೆದಿತ್ತು. ಪಕ್ಕದ ಮನೆಯ ಹಸು ಒಳಗೆ ನಿಂತು ದಾಸವಾಳದ ಕೊನೆಯ ಎಲೆ ಮೆಲ್ಲುತ್ತಿತ್ತು. ಆಗಷ್ಟೇ ಕೆಲಸದಿಂದ ಬಂದ ಮೇಲಿನ ರೂಮಿನ ಪುಯಿ ಬೋರ್ಡು ಓದಿ ಬಾಯಿಗೆ ಕೈ ಅಡ್ಡ ಹಿಡಿದಳು. ಮಿಜೋರಾಮಿನ ಈ ಹುಡುಗಿ ಮಾರತ್ತಹಳ್ಳಿಯ ಪಾರ್ಲರಿನಲ್ಲಿ ಕೂದಲು ಕತ್ತರಿಸುವವಳು.

"ಆಂಟಿ, ವೀ ಮೈಟ್. ವೀ ಮೈಟ್ ನಾಟ್."

ಹಂಸ ಅರ್ಥ ಹೇಳಿದಾಗ ದೊಡ್ಡಮುನಿಯಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸೆರಗಿನಲ್ಲೇ ಸ್ಲೇಟು ಒರೆಸಿ 'ಮಸ್ಟ್' ಎಂದು ತಿದ್ದಿದಳು. ಅಂದಿನಿಂದ ಪುಯಿ ದಿನಕ್ಕೊಂದು ಮಾತು ಕಲಿಸತೊಡಗಿದಳು: ಹ್ಯಾಪಿ, ಆಂಗ್ರಿ, ವರೀಡ್.

ಡಿಸೆಂಬರಿನ ಒಂದು ಭಾನುವಾರ ಪುಯಿ ಮೆಟ್ಟಿಲ ಮೇಲೆ ಕಣ್ಣು ಕೆಂಪಗೆ ಮಾಡಿಕೊಂಡು ಕೂತಿದ್ದಳು.

"ಯೂ ಆಂಗ್ರಿ?"

"ನೋ ಆಂಟಿ. ಹೋಮ್‌ಸಿಕ್."

ಹೋಮ್ ಎಂದರೆ ಮನೆ, ಸಿಕ್ ಎಂದರೆ ಕಾಯಿಲೆ. ಮನೆಯಲ್ಲಿ ಯಾರಿಗೋ ಜೋರಾಗಿದೆ ಎಂದುಕೊಂಡ ದೊಡ್ಡಮುನಿಯಮ್ಮ ಗಾಬರಿಯಿಂದ ಹಂಸಳನ್ನು ಕೂಗಿದಳು.

"ಯಾರಿಗೂ ಏನಾಗಿಲ್ಲ ಅಜ್ಜಿ. ಊರು ನೆನಪಾಗಿ ಸಂಕಟ ಆಗುತ್ತಲ್ಲ, ಅದಕ್ಕೆ ಹಂಗಂತಾರೆ."

ದೊಡ್ಡಮುನಿಯಮ್ಮ ಪುಯಿಯ ಪಕ್ಕದಲ್ಲೇ ಕೂತಳು. ಹದಿನೇಳರಲ್ಲಿ ಬಾಣಸವಾಡಿಯಿಂದ ಮದುವೆಯಾಗಿ ಬಂದಾಗ, ತವರಿನ ಕಡೆ ಹೋಗುವ ರೈಲಿನ ಕೂಗು ಕೇಳಿದಾಗಲೆಲ್ಲ ಹಿತ್ತಲಿಗೆ ಹೋಗಿ ಅತ್ತಿದ್ದಳು. ಎರಡು ಗಂಟೆ ನಡೆದರೆ ಸಿಗುವ ತವರಿಗೆ ಅಳುವುದೇನು ಎಂದು ಅತ್ತೆ ನಗುತ್ತಿದ್ದರು. ಆ ಸಂಕಟಕ್ಕೆ ಒಂದು ಹೆಸರಿದೆ ಎಂದು ಅವಳಿಗೆ ಗೊತ್ತಾದದ್ದೇ ಈಗ.

"ಐ ಆಲ್ಸೋ" ಎಂದಳು ಎದೆ ಮುಟ್ಟಿಕೊಂಡು. "ಟೂ ಇಯರ್ಸ್. ಹೋಮ್‌ಸಿಕ್."

ಪುಯಿ ಮೂಗು ಒರೆಸಿಕೊಂಡು ನಕ್ಕಳು.

ಮುಂದಿನ ಭಾನುವಾರ ಇಬ್ಬರೂ ಬಸ್ಸು ಹತ್ತಿ ಬಾಣಸವಾಡಿಗೆ, ದೊಡ್ಡಮುನಿಯಮ್ಮನ ತಮ್ಮ ಮುನಿರಾಜಪ್ಪನ ಮನೆಗೆ ಹೋದರು. ಊಟಕ್ಕೆ ನಾಟಿಕೋಳಿ ಸಾರು, ಮುದ್ದೆ. ಪುಯಿ ಮುದ್ದೆಯನ್ನು ಅಗಿಯಲು ಹೋಗಿ ಪರದಾಡಿದಳು. ನುಂಗುವುದು ಹೇಗೆಂದು ಮನೆಮಂದಿಯೆಲ್ಲ ಒಟ್ಟಿಗೆ ತೋರಿಸಿಕೊಟ್ಟರು.