ಮಾಸ್ತರರ ಸಲಾಕೆ ಮತ್ತು ನಮ್ಮ ತಿಪ್ಪೆ

ಮೊರದಲ್ಲಿ ತೊಗರಿ ಕೇರುತ್ತಿದ್ದೆ. ಪಕ್ಕದ ಮನೆಯ ಮಾಸ್ತರರ ಸೊಸೆ ಬಾಗಿಲಲ್ಲಿ ನಿಂತು, “ಮಾವಾರು ಹೋದ್ರಂತ್ರಿ ಅತ್ತಿ, ದವಾಖಾನಿಂದ ಫೋನ್ ಬಂತು” ಎಂದಳು. ನನ್ನ ಕಣ್ಣ ಮುಂದೆ ಬಂದದ್ದು ಅವರ ಅಂಗೈಗಳು. ಎರಡರಲ್ಲೂ ಸುಟ್ಟು ಮಾಗಿದ ಬಿಳಿ ಕಲೆಗಳು. ಅವು ನನ್ನಿಂದ ಆದವು.

ಚಿಮ್ಮನಚೋಡದ ಶಾಲೆಯಲ್ಲಿ ಅವರು ಭೂಗೋಳ ಕಲಿಸಿ ನಿವೃತ್ತರಾದವರು. ಶಿವ ಕ್ಷಮಿಸಲಿ, ಬೇಸರ ತರಿಸುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ತೊಂಬತ್ತರ ದಶಕದ ಕೊನೆಗೆ, ಇಂಡೋನೇಷ್ಯಾದಲ್ಲಿ ನೆಲವೇ ಹೊತ್ತಿ ಉರಿಯುತ್ತಿದೆ ಎಂದು ಪೇಪರಿನಲ್ಲಿ ಬಂದಿತ್ತು. ಗಿಡಗಂಟಿ ಕೊಳೆತು ಆದ ಮಣ್ಣು ಅದಂತೆ, ಬೆಂಕಿ ಒಳಗೊಳಗೇ ತಿಂಗಳುಗಟ್ಟಲೆ ಹರಿಯುತ್ತದಂತೆ. ಅಂದಿನಿಂದ ಯಾವ ದೇಶದಲ್ಲಿ ಅಂಥ ನೆಲ ಎಷ್ಟು ಸುಟ್ಟಿತೆಂದು ನೋಟ್‌ಬುಕ್ಕಿನಲ್ಲಿ ಬರೆದಿಡತೊಡಗಿದರು. ಚಹಾಕ್ಕೆ ಬಂದರೂ ಅದೇ ಮಾತು.

“ತಂಗಿ, ಸೇಡಂ, ಚಿತ್ತಾಪುರ, ಚಿಂಚೋಳಿ ಮೂರೂ ತಾಲೂಕ ಕೂಡಿಸಿದ್ರೂ ಅಲ್ಲಿ ಸುಟ್ಟಷ್ಟು ಆಗೂದಿಲ್ಲ.”

“ಸುಡಲಿ ಬಿಡ್ರಿ ಸರ. ಚಹಾ ಆರಾಕತ್ತದ.”

“ನಿನ್ನ ತಿಪ್ಪಿನೂ ಅದೇ ಜಾತಿ. ಬಿಸಿ ಬೂದಿ ಚೆಲ್ಲಬ್ಯಾಡ.”

ನಮ್ಮ ಕಡೆ ಒಲೆಯ ಬೂದಿ ತಿಪ್ಪೆಗೇ ಬೀಳಬೇಕು, ಗೊಬ್ಬರ ಚಲೋ ಆಗುತ್ತದೆ; ನಾನು ಚೆಲ್ಲುವುದನ್ನು ಬಿಡಲಿಲ್ಲ. ಅವರು ದಿನಾ ಕಬ್ಬಿಣದ ಸಲಾಕೆಯನ್ನು ತಿಪ್ಪೆಗೆ ಚುಚ್ಚಿ, ಹೊರತೆಗೆದು, ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡುತ್ತಿದ್ದರು. “ನಿಮ್ಮ ತಿಪ್ಪಿಗಿ ಜ್ವರ ಬಂದಾದೇನವಾ, ಡಾಕ್ಟರ ದಿನಾ ಬರ್ತಾರ” ಎಂದು ಓಣಿಯ ಹೆಂಗಸರು ನಗುತ್ತಿದ್ದರು. ನಾಚಿಕೆ ತಡೆಯಲಾರದೆ, ಇನ್ನು ಹಿತ್ತಲಿಗೆ ಬರಬೇಡಿ ಎಂದುಬಿಟ್ಟೆ. ಬರಲಿಲ್ಲ.

ಆ ಬೇಸಿಗೆಯಲ್ಲಿ ತಿಪ್ಪೆಯಿಂದ ತೆಳ್ಳಗೆ ಹೊಗೆ ಎದ್ದಿತು. ನಾಲ್ಕು ಕೊಡ ನೀರು ಸುರಿದೆ, ನಿಂತಿತು. ಯಾರಿಗೂ ಹೇಳಲಿಲ್ಲ, ಅವರಿಗಂತೂ ಇಲ್ಲವೇ ಇಲ್ಲ. ಮೂರನೆಯ ದಿನ ಮಧ್ಯಾಹ್ನ ಹೊಗೆ ಎದ್ದದ್ದು ತಿಪ್ಪೆಯ ಇನ್ನೊಂದು ತುದಿಯಲ್ಲಿ, ಜೋಳದ ಕಣಿಕೆಯ ಬಣವೆಗೆ ಒಂದು ಮಾರು ದೂರದಲ್ಲಿ. ಎರಡು ಎಮ್ಮೆಗಳ ವರ್ಷದ ಮೇವು ಅದು. ನಾನು ಚೀರಿದ್ದಕ್ಕೆ ಮಾಸ್ತರರು ಓಡಿ ಬಂದರು.

“ಮ್ಯಾಲ ನೀರು ಹಾಕಿದ್ರ ಏನೂ ಆಗೂದಿಲ್ಲ. ನಡುವ ಅಗಿಬೇಕು.”

ತಿಪ್ಪೆಗೂ ಬಣವೆಗೂ ನಡುವೆ ಗುದ್ದಲಿಯಿಂದ ಕಾಲುವೆ ತೋಡಿದರು. ಗುದ್ದಲಿಯ ಹಿಡಿ ಮುರಿದಾಗ ಕೆಂಡವಾದ ಗೊಬ್ಬರವನ್ನು ಕೈಯಿಂದಲೇ ಬಳಿದು ಎಸೆದರು. ಬಣವೆ ಉಳಿಯಿತು.

ಮುಲಾಮು ಹಚ್ಚುತ್ತ ಬೈದೆ: “ಈ ವಯಸ್ಸಿನ್ಯಾಗ ಕೆಂಡಕ್ಕ ಕೈ ಹಾಕ್ತಾರೇನ್ರಿ?”

“ನನಗ ಪೆನ್ನು ಹಿಡಿಲಿಕ್ಕಾಗೂದಿಲ್ಲ, ನೋಟ್‌ಬುಕ್ಕಿನ್ಯಾಗ ನೀನೇ ಬರಿ,” ಎಂದರು. “ಇಂಡೋನೇಷ್ಯಾದ ಕೆಳಗ. ಭಾರತ, ಅರ್ಧ ತಿಪ್ಪಿ.”

ಸಿಟ್ಟು ಬಂತು. ಬರೆದೆ.

ಅಂದು ಗಾಳಿ ಬೀಸಿರಲಿಲ್ಲ, ಎಮ್ಮೆಗಳು ಮೇಯಲು ಹೋಗಿದ್ದವು. ಇಷ್ಟಕ್ಕೆಲ್ಲ ದೇವರಿಗೆ ಕೈಮುಗಿದೆ. ಅವರಿಗೆ ಮಾತ್ರ ಒಂದು ಒಳ್ಳೆಯ ಮಾತು ಹೇಳಲಿಲ್ಲ. ಹೇಳಿದ್ದರೆ ಇನ್ನೊಂದು ತಾಸು ಭೂಗೋಳ ಕೇಳಬೇಕಾಗುತ್ತಿತ್ತು. ನಾಳೆ ಹೇಳಿದರಾಯಿತು ಎನ್ನುತ್ತಲೇ ವರ್ಷಗಳು ಕಳೆದವು.

ಸಂಜೆ ನಾಲ್ಕಕ್ಕೆ ಮಣ್ಣು ಮಾಡುತ್ತಾರೆ ಎಂದರು. ಅಲ್ಲಿಯವರೆಗೆ ಅವರ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ. ಅವರ ಹೆಂಡತಿಗೆ ಸಕ್ಕರೆ ಕಾಯಿಲೆ, ಹಸಿದಿರಬಾರದು. ಎದ್ದು ಕೈತೊಳೆದು, ಇಪ್ಪತ್ತು ರೊಟ್ಟಿಗಾಗುವಷ್ಟು ಜೋಳದ ಹಿಟ್ಟು ನಾದತೊಡಗಿದೆ.