ಬಾಳೆಲೆಯ ಮುಂದೆ ಕೂತ ಸ್ಟ್ರೈಕರ್

ತೆಂಗಿನಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸದೆ, ಬೆಂಡೆಕಾಯಿಯ ತುದಿ ಮುರಿಯದೆ ದುಡ್ಡು ಬಿಚ್ಚುವವನಲ್ಲ ನಾನು. ಮೇಟಗಳ್ಳಿಯ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲನ್ನು ಪರೀಕ್ಷಿಸಿ, ‘ಸರಿ’, ‘ತಿರಸ್ಕೃತ’ ಎಂಬ ಎರಡೇ ಮೊಹರುಗಳನ್ನು ಒತ್ತುತ್ತ ನಿವೃತ್ತನಾದವನು. ಮೂರನೆಯ ಮೊಹರು ಬೇಕೆಂದು ಎಂದೂ ಅನ್ನಿಸಿರಲಿಲ್ಲ. ಈಗ ಒಬ್ಬ ಫುಟ್ಬಾಲ್ ಆಟಗಾರನ ದೆಸೆಯಿಂದ ಅನ್ನಿಸತೊಡಗಿದೆ.

ಜಯಲಕ್ಷ್ಮಿಪುರಂನ ನಮ್ಮ ಪುಟ್ಟ ಫುಟ್ಬಾಲ್ ಕ್ಲಬ್ಬಿಗೆ ನಾನು ಅಧ್ಯಕ್ಷ. ಆಟ ಬಲ್ಲೆನೆಂದಲ್ಲ, ಸಭೆಗೆ ಸರಿಯಾದ ಹೊತ್ತಿಗೆ ಬರುವವನು ನಾನೊಬ್ಬನೇ ಎಂದು. ಈ ಸಲ ಲೀಗಿನಲ್ಲಿ ನಮ್ಮದು ಕಟ್ಟಕಡೆಯ ಸ್ಥಾನ. ಹೀಗೇ ಸೋತರೆ ಕೆಳಗಿನ ಡಿವಿಜನ್ನಿಗೆ ಇಳಿಯಬೇಕು. ಅಷ್ಟರಲ್ಲಿ ನಮ್ಮ ಕಾರ್ಯದರ್ಶಿ, ದೇವರಾಜ ಮೊಹಲ್ಲಾದಲ್ಲಿ ಪಾತ್ರೆ ಅಂಗಡಿ ಇಟ್ಟಿರುವ ಶಿವಬಸಪ್ಪ, ಓಡೋಡಿ ಬಂದರು. ದೊಡ್ಡ ದೊಡ್ಡ ಕ್ಲಬ್ಬುಗಳಲ್ಲಿ ಗೋಲು ಹೊಡೆದ, ಇದೇ ಊರಿನ ಮೋಹಿತ್ ಎಂಬ ಸ್ಟ್ರೈಕರ್ ಕರಾರು ಮುಗಿಸಿ ಮನೆಗೆ ಬಂದಿದ್ದಾನಂತೆ.

“ಫ್ರೀ ಏಜೆಂಟ್ ಕಣ್ರೀ! ಯಾವ ಕ್ಲಬ್ಬಿಗೂ ಸೇರಿಲ್ಲ, ಇವತ್ತೇ ಹಿಡ್ಕೊಂಡ್ಬುಡೋಣ.”

“ಫ್ರೀ ಅಂದ್ರೆ ಹಿಡ್ಕೊಳ್ಳಿ, ಕೇಳೋದೇನು?” ಎಂದಳು ಕಾಫಿ ತಂದಿಟ್ಟ ನನ್ನ ಹೆಂಡತಿ ವಿಶಾಲಾಕ್ಷಿ.

ಶಿವಬಸಪ್ಪನವರು ಆತ ಕೇಳಿದ ಮೊತ್ತ ಹೇಳಿದರು. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ನಮ್ಮ ಹುಡುಗಿಯರ ತಂಡ ಮೈದಾನದ ಮೂಲೆಯಲ್ಲಿ ಟಾರ್ಪಾಲಿನ ಮರೆಯಲ್ಲಿ ಬಟ್ಟೆ ಬದಲಿಸುತ್ತದೆ. ಅವರಿಗೊಂದು ಕೋಣೆ ಕಟ್ಟಲು ವರ್ಷಗಟ್ಟಲೆ ಕೂಡಿಟ್ಟ ಹಣವಿತ್ತು. ಮೋಹಿತ್ ಕೇಳಿದ್ದು ಹೆಚ್ಚುಕಡಿಮೆ ಅಷ್ಟನ್ನೂ. ಕಮಿಟಿ ಸಭೆಯಲ್ಲಿ ಶಿವಬಸಪ್ಪನವರ ಕಡೆಯವರು ಬೇಕೆಂದರು, ಖಜಾಂಚಿ ನರಹರಿಯ ಕಡೆಯವರು ಬೇಡವೆಂದರು. ಮತ ಸಮವಾಯಿತು. ಎಲ್ಲರೂ ನನ್ನ ಮುಖ ನೋಡಿದರು. ಒಂದು ವಾರ ಕೊಡಿ ಎಂದೆ.

ನಮ್ಮದು ಆನೆಯನ್ನೂ ತೂಗುವ ಊರು. ದಸರೆಗೆ ಬಂದ ಆನೆಗಳನ್ನು ಲಾರಿ ತೂಗುವ ಕಟ್ಟೆಯ ಮೇಲೆ ನಿಲ್ಲಿಸಿ, ಯಾವುದು ಎಷ್ಟು ಭಾರವೆಂದು ಬೆಳಗಾಗುವುದರೊಳಗೆ ಊರಿಗೆಲ್ಲ ತಿಳಿಸುತ್ತೇವೆ. ಆನೆಯ ಉಗುರು, ಬಾಲ, ಬೆನ್ನು ಹೇಗಿರಬೇಕೆಂದು ಹಿಂದಿನವರು ಶಾಸ್ತ್ರವನ್ನೇ ಬರೆದಿಟ್ಟಿದ್ದಾರೆ. ಸ್ಟ್ರೈಕರನ ಲಕ್ಷಣವನ್ನು ಯಾರೂ ಬರೆದಿಟ್ಟಂತಿಲ್ಲ. ಮೋಹಿತ್ ನಮ್ಮ ಹುಡುಗರ ಜತೆ ಅಭ್ಯಾಸ ಮಾಡುವುದನ್ನು ನೋಡಲು ಹೋದೆ. ಆತ ಹೆಚ್ಚು ಹೊತ್ತು ನಿಂತೇ ಇದ್ದ. ಹೀಗೆ ನಿಲ್ಲುವುದು ನನಗೂ ಬರುತ್ತದಲ್ಲ ಎಂದುಕೊಳ್ಳುವಷ್ಟರಲ್ಲಿ ಚೆಂಡು ಬಲೆಯೊಳಗಿತ್ತು. ನಿಂತದ್ದಕ್ಕೆ ದುಡ್ಡೋ, ಒದ್ದದ್ದಕ್ಕೋ?

ತಲೆ ಕೆಟ್ಟು ಮಾರ್ಕೆಟ್ಟಿಗೆ ಹೋದೆ. ಒಬ್ಬಾಕೆ ರಸಬಾಳೆಯನ್ನು ಬಹಳ ಅಗ್ಗಕ್ಕೆ ಹೇಳಿದಳು. ಇಷ್ಟು ಕಡಿಮೆಯೆಂದರೆ ಏನೋ ಐಬಿರಬೇಕೆಂದು ಮುಂದಿನ ಅಂಗಡಿಯಲ್ಲಿ ಹೆಚ್ಚು ಕೊಟ್ಟು ತಂದೆ. ಎರಡೂ ಒಂದೇ ತೋಟದ ಹಣ್ಣೆಂದು ಚೀಲ ಕೈಗಿಟ್ಟ ಮೇಲೆ ಆ ಅಂಗಡಿಯವನೇ ನಗುತ್ತ ಹೇಳಿದ.

ಕೊನೆಗೆ ಮೋಹಿತನನ್ನು ಭಾನುವಾರ ಊಟಕ್ಕೆ ಕರೆದೆ. ಹತ್ತಿರದಿಂದ ನೋಡಿದರೆ ಏನಾದರೂ ಹೊಳೆದೀತು. ಹೊತ್ತಿಗೆ ಮುಂಚೆಯೇ ಬಂದು, ಗೇಟಿನಾಚೆ ಹೊಂಗೆ ಮರದಡಿ ನಿಂತಿದ್ದ. ಹೇಳಿದ ಗಳಿಗೆಗೆ ಸರಿಯಾಗಿ ಚಿಲಕ ತೆಗೆದ. ಕಿಟಕಿಯಿಂದ ನೋಡುತ್ತಿದ್ದ ನನಗೆ ಮನಸ್ಸಿನಲ್ಲೇ ‘ಸರಿ’ ಮೊಹರು ಒತ್ತುವ ಆಸೆಯಾಯಿತು.

ನಮ್ಮ ಮನೆಯಲ್ಲಿ ಈಗಲೂ ನೆಲದ ಮೇಲೆ, ಎಲೆ ಹಾಕಿ ಊಟ. ಮೇಜು ಬೇಡವೆಂಬುದು ನನ್ನ ಹಟ. ಹುಡುಗ ಚೆನ್ನಾಗಿ ಉಂಡ, ಹುಳಿ ಎರಡು ಸಲ ಹಾಕಿಸಿಕೊಂಡ. ಮಜ್ಜಿಗೆ ಮುಗಿಯಿತು. ಎಲೆ ಮಡಿಸಿದೆವು. ಆಮೇಲೆ ಇಬ್ಬರೂ ಏಳಲಿಲ್ಲ. ದೊಡ್ಡವರು ಏಳಲೆಂದು ಅವನು, ಅತಿಥಿ ಏಳಲೆಂದು ನಾನು. ಮರ್ಯಾದೆಗೆ ಕಾಯುವಷ್ಟು ಹೊತ್ತು ಕಳೆದರೂ ಕೂತೇ ಇದ್ದೆವು.

“ಏನಿದು, ಇಬ್ಬರ ಕೈನೂ ಒಣಗೋಯ್ತು! ಇನ್ನೊಂದ್ಸಲ ಎಲೆ ಹಾಕ್ಲಾ?” ಎಂದಳು ವಿಶಾಲಾಕ್ಷಿ.

ಮೋಹಿತ್ ಎದ್ದ. ಎಡ ಅಂಗೈಯನ್ನು ನೆಲಕ್ಕೂರಿ, ಬಲಗಾಲನ್ನು ಮಡಿಸದೆ ಮುಂದಕ್ಕೆ ಚಾಚಿ, ತುಟಿ ಕಚ್ಚಿ ಎದ್ದ. ಆ ಏಳುವ ಬಗೆ ನನಗೆ ಚಿರಪರಿಚಿತ. ಎಲ್ಲರೂ ಕೈ ತೊಳೆಯಲು ಹೋದ ಮೇಲೆ ನಾನು ಏಳುವುದೂ ಹಾಗೆಯೇ.

“ಮಂಡಿ ನೋವಾ ಮಗು?” ಎಂದು ವಿಶಾಲಾಕ್ಷಿ ಕೇಳಿದಳು.

“ಇಲ್ಲಮ್ಮ, ಕಾಲು ಜೋಮು ಹಿಡೀತು ಅಷ್ಟೆ.”

ಮಂಡಿಯೋ ಜೋಮೋ? ಈಗಿನವರಿಗೆ ನೆಲದ ಮೇಲೆ ಕೂತು ಅಭ್ಯಾಸವಿಲ್ಲ. ಜೋಮೇ ಇರಬಹುದು. ಜಗುಲಿಯಲ್ಲಿ ಅಡಿಕೆಲೆ ಮುಂದಿಟ್ಟು, ನೇರವಾಗಿ ಕೇಳಿಯೇಬಿಟ್ಟೆ. ಎಲೆಯ ತೊಟ್ಟು ಮುರಿಯುತ್ತ ಹೇಳಿದ.

“ಮಂಡೀನೇ ಸಾರ್. ಅರ್ಧ ಆಟ ಆದ್ರೆ ಆಡ್ಬುಡ್ತೀನಿ, ಪೂರ್ತಿ ಆಗಲ್ಲ.”

“ಮತ್ತೆ ಅಷ್ಟೊಂದು ಯಾಕೆ ಕೇಳಿದ್ದು?”

“ಕಡಿಮೆ ಕೇಳಿದ್ರೆ ಏನೋ ಐಬಿದೆ ಅಂತೀರಿ ಸಾರ್. ಒಂದು ಕ್ಲಬ್ಬಲ್ಲಿ ಹಾಗೇ ಆಯ್ತು.”

ಬೈಯಲು ಬಾಯಿ ತೆರೆದೆ. ರಸಬಾಳೆ ನೆನಪಾಯಿತು. ಬಾಯಿ ಮುಚ್ಚಿದೆ.

“ಇದನ್ನ ಕಮಿಟಿ ಮುಂದೆ ನೀನೇ ಹೇಳು, ನಾನು ಹೇಳೋದು ಸರಿಯಲ್ಲ” ಎಂದಷ್ಟೇ ಅಂದೆ.

ಅವನು ಬಂದ, ಹೇಳಿದ, ಬೆಲೆಯನ್ನೂ ಅರ್ಧಕ್ಕೆ ಇಳಿಸಿದ. ಇನ್ನು ಎಲ್ಲ ತಿಳಿಯಾಯಿತೆಂದು ನಾನು ಕನ್ನಡಕ ಒರೆಸಿಕೊಂಡೆ. ಅಲ್ಲಿಯವರೆಗೆ ಬೇಕೇ ಬೇಕೆಂದು ಕುಣಿಯುತ್ತಿದ್ದ ಶಿವಬಸಪ್ಪನವರು, “ಅರ್ಧಕ್ಕೇ ಬರ್ತಾನಾ? ಹಂಗಾದ್ರೆ ಬೇಡ ಬುಡಿ” ಎಂದರು. ಬೇಡವೆಂದಿದ್ದ ನರಹರಿ, “ಅರ್ಧ ದುಡ್ಡಿಗೆ ಇಂಥವನು ಎಲ್ಲಿ ಸಿಕ್ತಾನೆ? ಉಳಿದಿದ್ದರಲ್ಲಿ ಕೋಣೆಯ ಗೋಡೆ ಎದ್ದೇಳುತ್ತೆ, ಸೂರು ಮುಂದಿನ ವರ್ಷ” ಎಂದ. ಇಬ್ಬರ ಹಿಂದಿದ್ದವರೂ ತಂತಮ್ಮ ನಾಯಕರ ಜತೆಗೇ ಆಚೀಚೆ ಜಿಗಿದರು. ಮತ ಮತ್ತೆ ಸಮವಾಯಿತು. ಮತ್ತೆ ನನ್ನ ಮುಖ!

ಆಟಗಾರನ ಬೆಲೆ ಎಷ್ಟೆಂದು ಆಗಲೂ ನನಗೆ ತಿಳಿದಿರಲಿಲ್ಲ. ಹೊಂಗೆ ಮರದಡಿ ಹೊತ್ತಿಗಾಗಿ ಕಾದು ನಿಂತವನು ಕಣ್ಣ ಮುಂದೆ ಬಂದ. ನಾನು ಸರಿಯಾಗಿ ಅಳೆಯಬಲ್ಲದ್ದು ಅದೊಂದೇ. ಬೇಕು ಎಂದೆ.

ಮೊದಲ ಪಂದ್ಯದಲ್ಲಿ ಮೋಹಿತ್ ಎರಡನೆಯ ಅರ್ಧಕ್ಕೆ ಇಳಿದ. ಗೋಲು ಹೊಡೆಯಲಿಲ್ಲ, ಆದರೆ ನಾವು ಸೋಲಲೂ ಇಲ್ಲ. ಎದುರಾಳಿಗಳೆಲ್ಲ ಅವನ ಸುತ್ತಲೇ ಇದ್ದುದರಿಂದ ಪಂದ್ಯ ಸಮವಾಯಿತೆಂದು ನರಹರಿ. ಇಷ್ಟಕ್ಕೆ ಅಷ್ಟು ದುಡ್ಡೇ ಎಂದು ಶಿವಬಸಪ್ಪ. ಇಬ್ಬರೂ ಸರಿಯೆಂದೇ ನನಗೆ ತೋರುತ್ತದೆ. ಕೋಣೆಯ ಗೋಡೆಗಳು ನನ್ನ ಎದೆಮಟ್ಟಕ್ಕೆ ಬಂದಿವೆ.

ಈಗ ಮೋಹಿತ್ ಆಗಾಗ ಭಾನುವಾರ ಊಟಕ್ಕೆ ಬರುತ್ತಾನೆ. ಅವನ ಮಂಡಿಗೆ ತೊಂದರೆಯಾಗಬಾರದೆಂದು ವಿಶಾಲಾಕ್ಷಿ ಒಂದು ಮೇಜು ತರಿಸಿದ್ದಾಳೆ. ಅತಿಥಿಯನ್ನು ಮೇಲೆ ಕೂರಿಸಿ ನಾನು ಕೆಳಗೆ ಕೂರುವುದು ಚೆನ್ನಾಗಿರುವುದಿಲ್ಲವೆಂದು ನಾನೂ ಅಲ್ಲೇ ಕೂರುತ್ತೇನೆ. ಉಳಿದ ದಿನಗಳಲ್ಲೂ ಅಲ್ಲೇ ಏಕೆ ಕೂರುತ್ತೀರೆಂದು ಅವಳು ಈವರೆಗೆ ಕೇಳಿಲ್ಲ.